ವನಜಾಳ ಗೊಂಬೆಗಳು ಕಣ್ಣು ಬಿಡುವುದಿಲ್ಲ

“ನಾನು ಮಾಡಿದ ಗೊಂಬೆಗೆ ನಿನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಕಣ್ಣು ಬರೆಯಲ್ಲ, ವನಜಾ. ಇದು ನನ್ನ ಮಾತು.”

ಮದ್ದೂರಿನ ಹೊನ್ನಯ್ಯನವರ ಕಾರ್ಯಾಗಾರದಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ರವಿಚಂದ್ರ ಈ ಮಾತು ಕೊಟ್ಟಿದ್ದ. ಅವನ ಬೆರಳುಗಳಿಗೆಲ್ಲ ಗೊಂಬೆ ಮಾಡುವ ಜೇಡಿಯಂಥ ಪುಟ್ಟಿ ಮೆತ್ತಿಕೊಂಡಿತ್ತು. ಅವಳ ಕೈಯಲ್ಲಿ ನಾಲ್ಕೆಳೆ ಕೂದಲಿನ ಕುಂಚವಿತ್ತು.

ಅದಾಗಿ ಎಷ್ಟೋ ಕಾಲವಾಯಿತು. ಆದರೂ ಆ ಮಾತು ನೆನಪಾದಾಗಲೆಲ್ಲ ವನಜಾಳ ಕಣ್ಣ ಮುಂದೆ ಮೊದಲು ಬರುವುದು ಒಂದು ಮುರಿದ ಕೈ!

ಅವರ ಮೊದಲ ಭೇಟಿಯೇ ಹಾಗಿತ್ತು...

ಹೊನ್ನಯ್ಯನವರದು ಮಾದರಿಗಳನ್ನು ಮಾಡುವ ಕಾರ್ಯಾಗಾರ. ಮ್ಯೂಸಿಯಂಗಳಿಗೆ, ಶಾಲೆಗಳಿಗೆ, ಮನೆಯಲ್ಲಿ ಪುಟಾಣಿ ರೈಲು ಓಡಿಸುವ ಹವ್ಯಾಸಿಗಳಿಗೆ ಬೇಕಾದ ಊರು, ಸಂತೆ, ಸ್ಟೇಷನ್ನುಗಳೆಲ್ಲ ಅಲ್ಲಿ ಮೇಜಿನಗಲಕ್ಕೆ ತಯಾರಾಗುತ್ತಿದ್ದವು. ಆ ಊರುಗಳಲ್ಲಿ ನಿಲ್ಲುವ ಕಿರುಬೆರಳುದ್ದದ ಜನರನ್ನು ತಂತಿಗೆ ಪುಟ್ಟಿ ಮೆತ್ತಿ ಕೆತ್ತುತ್ತಿದ್ದವನು ರವಿಚಂದ್ರ. ಹೊನ್ನಯ್ಯನವರ ಕಣ್ಣಿಗೆ ಪೊರೆ ಬಂದು ಬಣ್ಣದ ಕೆಲಸ ನಿಂತುಹೋದಾಗ ಹನಕೆರೆಯಿಂದ ಬಂದು ಸೇರಿಕೊಂಡವಳು ವನಜಾ.

ಮೊದಲ ದಿನವೇ ಅವಳು ಮೇಜಿನ ಮೇಲಿದ್ದ ಬಿಂದಿಗೆ ಹೊತ್ತ ಹೆಂಗಸಿನ ಗೊಂಬೆಯನ್ನು ಎತ್ತಿಕೊಂಡಳು.

“ಏಯ್, ಮುಟ್ಬೇಡ! ಇನ್ನೂ ಒಣಗಿಲ್ಲ!”

“ಮುಟ್ಟದೆ ಬಣ್ಣ ಹಚ್ಚೋದು ಹೆಂಗೆ? ದೂರದಿಂದ ಊದ್ಬುಡ್ಲಾ?”

ಅಷ್ಟರಲ್ಲಿ ಗೊಂಬೆಯ ಕೈ ಅವಳ ಬೆರಳಲ್ಲೇ ಉಳಿಯಿತು. ಅಕ್ಕಿಕಾಳಿನಷ್ಟು ಕೈ! ಬೈಗುಳ ಬರುತ್ತದೆ ಎಂದು ಅವಳು ಕಾಯ್ದಳು.

ಅವನು ಬೈಯಲಿಲ್ಲ. ಕೈಯನ್ನು ಅಂಟಿಸಿ, ಗೊಂಬೆಯನ್ನು ಅವಳ ಮುಂದಿಟ್ಟ.

“ಕೈ ಮುರಿದವಳೇ ಕಣ್ಣು ಬರಿ. ನೋಡೋಣ.”

ವನಜಾ ಭೂತಗನ್ನಡಿಯ ದೀಪ ಹೊತ್ತಿಸಿದಳು. ಕುಂಚದ ತುದಿಯಲ್ಲಿ ಬಣ್ಣ ಒಣಗುವ ಮೊದಲೇ ಇಡಬೇಕು, ಉಸಿರು ಬಿಟ್ಟರೆ ಗೆರೆ ಅಲುಗುತ್ತದೆ. ಅವಳು ಉಸಿರು ಹಿಡಿದಳು. ಒಂದು ಕಣ್ಣು. ಗೊಂಬೆಯನ್ನು ತಲೆಕೆಳಗು ಮಾಡಿ ಇನ್ನೊಂದು ಕಣ್ಣು.

ತಲೆ ಎತ್ತಿದರೆ... ಪಕ್ಕದಲ್ಲಿ ಅವನೂ ಉಸಿರು ಹಿಡಿದು ನಿಂತಿದ್ದ!

“ನೋಡ್ತಾವ್ಳೆ...” ಎಂದ ಮೆಲ್ಲಗೆ. “ನಾನು ಮಾಡಿದ ಒಂದು ಗೊಂಬೆನೂ ಇವತ್ತಿನವರೆಗೆ ನನ್ನ ಹಿಂಗೆ ನೋಡಿರ್ಲಿಲ್ಲ.”

ಹೊನ್ನಯ್ಯನವರ ಕಾರ್ಯಾಗಾರದಲ್ಲಿ ಒಂದು ಕಟ್ಟಳೆಯಿತ್ತು. ಗೊಂಬೆ ಮಾಡಿದ ಕೈ ಅದಕ್ಕೆ ಕಣ್ಣು ಬರೆಯಬಾರದು.

“ಮಾಡ್ದೋನ್ಗೆ ಅದು ಮೊದ್ಲಿಂದ್ಲೂ ನೋಡ್ತಾ ಇದ್ದಂಗೇ ಇರ್ತದೆ ಕಣವ್ವ,” ಎನ್ನುತ್ತಿದ್ದರು ಹೊನ್ನಯ್ಯ. “ನೆಟ್ಟಗೆ ನೋಡ್ತದಾ, ಕುಲ್ಡಾಗದಾ ಅಂತ ಗೊತ್ತಾಗೋದು ಬ್ಯಾರೇರ್ಗೇಯ. ನಮ್ಮಪ್ಪ ಗಣಪತಿ ಮಾಡೋನು, ನಮ್ಮವ್ವ ಕಣ್ ಬರೆಯೋಳು. ಇಬ್ರೂ ಸೇರುದ್ರೇನೇ ಗೊಂಬೆ.”

ಅಂದಿನಿಂದ ರವಿಚಂದ್ರ ಮಾಡುವುದು, ವನಜಾ ಕಣ್ಣು ಬರೆಯುವುದು. ಒಂದೇ ಉದ್ದನೆ ಮೇಜು, ಇಬ್ಬರ ಮುಖವೂ ಕಿಟಕಿಗೆ. ಅವನ ಎಡಕ್ಕೆ ಅವಳು. ದಿನವೆಲ್ಲ ಮಾತೇ ಇರುತ್ತಿರಲಿಲ್ಲ. ಆದರೂ ಸಂಜೆ ಹನಕೆರೆಯ ರೈಲು ಹತ್ತುವಾಗ ಅವಳಿಗೆ ದಿನವಿಡೀ ಮಾತಾಡಿದ ಹಾಗೆ ಅನ್ನಿಸುತ್ತಿತ್ತು!

ಆ ಮಾತು ಕೊಟ್ಟ ಕೆಲವೇ ದಿನಕ್ಕೆ ಅವನಿಗೆ ಕಲ್ಕತ್ತಾದ ಒಂದು ಕಾರ್ಯಾಗಾರದಿಂದ ಕರೆ ಬಂತು. ಮ್ಯೂಸಿಯಂಗಳಿಗೆ ಊರು, ಕೋಟೆಗಳ ಮಾದರಿ ಮಾಡುವ ದೊಡ್ಡ ಕೆಲಸ. ಮದ್ದೂರು ಸ್ಟೇಷನ್ನಿನಲ್ಲಿ ಅವಳು ಬ್ಯಾಗಿನ ಪಟ್ಟಿ ಹಿಡಿದು ನಿಂತಿದ್ದಳು.

“ಏನಾದ್ರೂ ಹೇಳೋದಿದ್ಯಾ?” ಎಂದಳು.

“ಐತೆ. ನಿನ್ನ ಒಂದು ಮಾತು ಕೇಳ್ಬೇಕು. ಬಾಯಲ್ಲಿ ಕೇಳೋಕೆ ಬರಲ್ಲ ನಂಗೆ... ಕೈಯಲ್ಲಿ ಮಾಡಿ ಕಳಿಸ್ತೀನಿ. ನೋಡಿದ ಮೇಲೆ ಏನು ಮಾಡ್ಬೇಕು ಅಂತ ನಿಂಗೇ ಗೊತ್ತಾಗ್ತದೆ.”

“ಅಷ್ಟು ದೂರ ಹೋಗಿ ಕೇಳ್ಬೇಕಾ?”

ಅವನು ನಕ್ಕ. ರೈಲು ಹೊರಟಿತು.

ವನಜಾ ಕಾದಳು. ಈ ನಡುವೆ ಮಂಡ್ಯದಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೇಣದಲ್ಲಿ ಹಲ್ಲು ಕೆತ್ತುವ ಕೆಲಸ. ಮದ್ದೂರಿಗೆ ಹೋಗುವುದು ತಪ್ಪಿತು. ಹೀಗಿರುವಾಗ ಒಂದು ದಿನ ಹೊನ್ನಯ್ಯ ಪರಿಚಯದವರ ಕೈಯಲ್ಲಿ ಹನಕೆರೆಗೆ ಒಂದು ಪುಟ್ಟ ಪೆಟ್ಟಿಗೆ ಕಳಿಸಿಕೊಟ್ಟರು. ಕಲ್ಕತ್ತಾದಿಂದ ಕಾರ್ಯಾಗಾರದ ವಿಳಾಸಕ್ಕೆ ಬಂದಿತ್ತಂತೆ.

ಬಾಗಿಲು ಹಾಕಿಕೊಂಡು ಬಿಚ್ಚಿದಳು.

ಹತ್ತಿಯೊಳಗೆ ಒಬ್ಬ ಗಂಡಸು. ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನಿಂತ, ಕಿರುಬೆರಳುದ್ದದ ರವಿಚಂದ್ರ! ಅದೇ ಕಿವಿ, ಅದೇ ಮಡಿಸಿದ ಅಂಗಿತೋಳು. ಬಣ್ಣವನ್ನೂ ಅವನೇ ಹಚ್ಚಿದ್ದ. ಒಡ್ಡೊಡ್ಡಾಗಿ, ಅಂಚು ಮೀರಿ ಹಚ್ಚಿದ್ದ. ಅವಳಿಗೆ ನಗು ಬಂತು.

ನಗು ಅರ್ಧಕ್ಕೇ ನಿಂತಿತು.

ಗೊಂಬೆಗೆ ಕಣ್ಣಿತ್ತು.

ಯಾರೋ ಬರೆದಿದ್ದರು. ನುರಿತ ಕೈ. ರೆಪ್ಪೆಯ ಗೆರೆ ಕೂದಲಿಗಿಂತ ತೆಳ್ಳಗಿತ್ತು. ಅದು ರವಿಚಂದ್ರನ ಕೈಯಲ್ಲ, ಅವನು ಕಟ್ಟಳೆ ಮೀರುವವನೂ ಅಲ್ಲ. ಅಂದರೆ ಅಲ್ಲಿ ಅವನ ಪಕ್ಕ ಬೇರೆ ಯಾರೋ ಕೂರುತ್ತಾರೆ... ಅವನು ಗೊಂಬೆ ಮಾಡಿ ಆ ಕೈಗೆ ಕೊಡುತ್ತಾನೆ...

ಇನ್ನೂ ಒಂದಿತ್ತು. ಆ ಕಣ್ಣು ಅವಳನ್ನು ನೋಡುತ್ತಿರಲಿಲ್ಲ. ಓರೆಯಾಗಿ, ಪಕ್ಕಕ್ಕೆ, ಇನ್ನೆಲ್ಲಿಗೋ ನೋಡುತ್ತಿತ್ತು.

‘ಓಹೋ... ಕೇಳೋದು ಅಂದ್ರೆ ಇದಾ? ಹೀಗೆ ಹೇಳೋದಾ?’

ಅವಳು ಪೆಟ್ಟಿಗೆ ಮುಚ್ಚಿಬಿಟ್ಟಳು. ಸಂಜೆ ಫೋನಿನಲ್ಲಿ ಬರೆದಳು: “ಗೊಂಬೆ ಸಿಕ್ತು. ಚೆನ್ನಾಗಿದೆ.”

ತುಂಬಾ ಹೊತ್ತಾದ ಮೇಲೆ ಉತ್ತರ ಬಂತು. “ಅಷ್ಟೇನಾ?”

“ಅಷ್ಟೇ.”

“ಸರಿ.”

ಆಮೇಲೆ ಅವಳು ನಂಬರು ಬದಲಾಯಿಸಿದಳು. ಮದ್ದೂರಿನ ಕಡೆ ತಲೆ ಹಾಕಲಿಲ್ಲ. ಹೊನ್ನಯ್ಯನವರಿಗೂ ನೆಪ ಹೇಳುತ್ತ ಹೋದಳು. ಹಾಗೇ ಏಳು ವರ್ಷ ಕಳೆಯಿತು.

*

ಹಗಲೆಲ್ಲ ಮಂಡ್ಯದ ಲ್ಯಾಬು. ಅವಳು ಕೆತ್ತಿದ ಹಲ್ಲುಗಳು ಯಾರ್ಯಾರ ಬಾಯಲ್ಲೋ ನಗುತ್ತಿದ್ದವು. ಅವಳು ಮಾತ್ರ ಸಂಜೆ ರೈಲಿಳಿದು, ಅಂಗಡಿಯಲ್ಲಿ ಸೊಪ್ಪು ತೆಗೆದುಕೊಂಡು, ಯಾರೊಂದಿಗೂ ನಾಲ್ಕು ಮಾತಾಡದೆ ಮನೆ ಸೇರುತ್ತಿದ್ದಳು. ಅಡುಗೆ, ಪಾತ್ರೆ, ಅವ್ವನ ಮಂಡಿಗೆ ಎಣ್ಣೆ. ಎಲ್ಲ ಮುಗಿದ ಮೇಲೆ ಕಿಟಕಿ ಪಕ್ಕದ ಮೇಜು.

ಬಿಟ್ಟೆನೆಂದರೂ ಗೊಂಬೆ ಅವಳನ್ನು ಬಿಡಲಿಲ್ಲ. ಹಲ್ಲು ಕೆತ್ತುವ ಕಡ್ಡಿಗಳಿಂದಲೇ ಈಗ ಅವಳೇ ಪುಟ್ಟಿಯಲ್ಲಿ ಜನರನ್ನು ಮಾಡುತ್ತಿದ್ದಳು. ಹಾಲು ಅಳೆಯುವವನು, ಕಬ್ಬು ಹೊತ್ತವಳು, ಬಸ್ಸಿಗೆ ಕಾಯುವ ಹುಡುಗಿಯರು. ಹವ್ಯಾಸಿಗಳು ಎಲ್ಲೆಲ್ಲಿಂದಲೋ ತರಿಸಿಕೊಳ್ಳುತ್ತಿದ್ದರು.

ಅವಳ ಗೊಂಬೆಗಳಿಗೆಲ್ಲ ಒಂದೇ ಗುರುತು. ಒಂದೂ ಕಣ್ಣು ಬಿಡುತ್ತಿರಲಿಲ್ಲ! ನಿಂತವರು, ಕೂತವರು, ನಡೆಯುವವರು, ಎಲ್ಲರ ರೆಪ್ಪೆಯೂ ಮುಚ್ಚಿತ್ತು.

‘ನಿಮ್ಮ ಶೈಲಿ ತುಂಬಾ ವಿಶೇಷ ಮೇಡಂ’ ಎಂದು ಕೊಂಡವರು ಬರೆಯುತ್ತಿದ್ದರು. ಶೈಲಿಯಲ್ಲ ಅದು. ಮಾಡಿದ ಕೈ ಕಣ್ಣು ಬರೆಯಬಾರದು... ಬರೆಯಲು ಇನ್ನೊಂದು ಕೈ ಅವಳ ಪಕ್ಕದಲ್ಲಿರಲಿಲ್ಲ. ಅಷ್ಟೇ.

ಅವಳ ತಾಯಿ ಚಿಕ್ಕಮಾದಮ್ಮನಿಗೆ ಇದನ್ನು ನೋಡಿದರೆ ಮೈಯುರಿ.

“ಲೇ ವನಜಾ, ಬುದ್ಧನಿಗಾದ್ರೆ ಅರೆಗಣ್ಣು ಸರಿ ಕಣೆ,” ಎನ್ನುತ್ತಿದ್ದಳು, ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಕೈ ತೋರಿಸಿ. “ಈ ಆಲು ಮಾರೋನ್ಗೂ ಯಾಕೆ ಕಣ್ಮುಚ್ಚಿಸಿದ್ದೀಯೆ? ಹಿಂಗೆ ನಿದ್ದೆ ಒಡ್ಕಂಡು ಅಳೆದ್ರೆ ಆಲ್ಯಾವ್ದು ನೀರ್ಯಾವ್ದು?”

“ಧ್ಯಾನ ಮಾಡ್ತಾವ್ನೆ ಬುಡವ್ವ.”

“ಧ್ಯಾನ ಮಾಡ್ತಾ ಇರೋಳು ನೀನು! ಜೀವ ಇರೋ ಒಬ್ಬ ಮನ್ಸನ್ನ ನೋಡೇ ಅಂದ್ರೆ, ಗೊಂಬೆ ಗುಡ್ಡೆ ಆಕ್ಕಂಡು ಕುಂತವ್ಳೆ.”

ವನಜಾ ನಗುತ್ತಿದ್ದಳು. ಅವ್ವ ಮಲಗಲು ಹೋದ ಮೇಲೆ ಕಪಾಟಿನ ಕಡೆ ನೋಡುತ್ತಿದ್ದಳು. ಎಷ್ಟೊಂದು ಜನ! ಒಂದು ಊರೇ ಇತ್ತು ಅಲ್ಲಿ. ಆದರೆ ಆ ಊರಲ್ಲಿ ಒಬ್ಬರೂ ಅವಳನ್ನು ನೋಡುತ್ತಿರಲಿಲ್ಲ.

ಕಪಾಟಿನ ತೀರಾ ಹಿಂದೆ ಒಂದು ಪುಟ್ಟ ಪೆಟ್ಟಿಗೆಯಿತ್ತು. ಎಸೆಯಲಾಗಲಿಲ್ಲ. ತೆರೆಯಲೂ ಆಗಲಿಲ್ಲ...

*

ಆ ಭಾನುವಾರ ಹೊನ್ನಯ್ಯ ಫೋನು ಮಾಡಿದರು. ಈ ಸಲ ನೆಪಕ್ಕೆ ಅವರು ಜಾಗವನ್ನೇ ಕೊಡಲಿಲ್ಲ.

“ನೋಡವ್ವ, ಭಾರತೀನಗರದ ಕಾಲೇಜ್ನೋರು ಒಂದು ಆಲೆಮನೆ ಮಾಡ್ಕೊಡಿ ಅಂದವ್ರೆ. ಗಾಣ, ಎತ್ತು, ಕೊಪ್ಪರಿಗೆ, ಜನ ಎಲ್ಲಾ. ಇದೇ ನನ್ನ ಕೊನೇ ಕೆಲ್ಸ, ಆಮೇಲೆ ಬಾಗ್ಲು ಆಕ್ತೀನಿ. ಜನಗೋಳು ರೆಡಿ ಅವ್ರೆ, ಕಣ್ ಬರ್ಯೋಕೆ ಯಾರೂ ಇಲ್ಲ. ನನ್ ಕೈ ಈಗ ಗಡಗಡ ಅಂತದೆ. ಬತ್ತೀಯೋ ಇಲ್ವೋ ಏಳ್ಬುಡು.”

ಕೊನೆಯ ಕೆಲಸ... ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಲ್ಯಾಬಿಗೆ ರಜೆ ಹಾಕಿ ಮದ್ದೂರಿಗೆ ಹೋದಳು. ಕಾರ್ಯಾಗಾರ ಹಾಗೇ ಇತ್ತು. ಅದೇ ಕಿಟಕಿ, ಅದೇ ಉದ್ದನೆ ಮೇಜು. ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿದ ಬಾಟಲಿ ಬಿರಡೆಗಳ ಸಾಲು. ಒಂದೊಂದು ಬಿರಡೆಯ ಮೇಲೂ ಒಬ್ಬೊಬ್ಬ ಮನುಷ್ಯ. ಕಬ್ಬು ಕೊಡುವವಳು, ಒಲೆಗೆ ಸಿಪ್ಪೆ ನೂಕುವವನು, ಬೆಲ್ಲದ ಅಚ್ಚು ಹಿಡಿದವನು.

ವನಜಾ ಒಂದನ್ನು ಎತ್ತಿಕೊಂಡಳು. ಭೂತಗನ್ನಡಿಯ ಕೆಳಗೆ ಹಿಡಿದಳು.

ಕನ್ನಡಿಯನ್ನು ಇನ್ನೂ ಹತ್ತಿರಕ್ಕೆ ಎಳೆದಳು.

ಹೆಗಲ ಮೇಲಿನ ಟವೆಲ್ಲಿನ ಆ ಮಡಿಕೆ... ಕಿವಿಯ ಹಿಂದಿನ ಆ ಸಣ್ಣ ಗೀರು... ಇದನ್ನು ಮಾಡಿದ್ದು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಕೈ ಮುರೀಬೇಡ. ಇನ್ನೂ ಒಣಗಿಲ್ಲ.”

ಬಾಗಿಲಲ್ಲಿ ರವಿಚಂದ್ರ ನಿಂತಿದ್ದ. ಕೈಯಲ್ಲಿ ಎರಡು ಪುಟ್ಟ ಎತ್ತುಗಳು. ಕಿವಿಯ ಮೇಲೆ ನರೆ. ಅವನೂ ಅವಳನ್ನು ಕಂಡು ಬೆಚ್ಚಿದ್ದ, ಮಾತು ಮಾತ್ರ ಹಳೇ ರೂಢಿಯಲ್ಲಿ ತಾನೇ ಬಂದುಬಿಟ್ಟಿತ್ತು.

“ಯಾವಾಗ ಬಂದೆ?” ಎಂದಳು. ತನ್ನ ದನಿ ಇಷ್ಟು ಸಪ್ಪೆಯಾಗಿರುವುದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ವರ್ಷವಾಯ್ತು. ಮಳವಳ್ಳೀಲಿ ಅಕ್ಕ ಮಂಜುಶ್ರೀ ಮನೇಲಿದ್ದೀನಿ. ಬಿಲ್ಡರ್‌ಗಳಿಗೆ ಲೇಔಟು, ಮನೆ ಮಾದರಿ ಮಾಡ್ಕೊಡ್ತೀನಿ.”

“ಗೊಂಬೆ?”

“ಗೊಂಬೆ ಮಾಡಲ್ಲ. ಅಲ್ಲೂ ಮಾಡ್ಲಿಲ್ಲ. ಮನೆ, ರಸ್ತೆ, ಮರ. ಜನ ಬೇಡ ಅಂತೀನಿ... ಇದು ಹೊನ್ನಯ್ಯೋರು ಬಿಡ್ಲಿಲ್ಲ ಅಂತ.”

ಅವನು ಎತ್ತುಗಳನ್ನು ಗಾಣಕ್ಕೆ ಕಟ್ಟತೊಡಗಿದ. ಅವಳು ತನ್ನ ಹಳೇ ಜಾಗದಲ್ಲಿ, ಅವನ ಎಡಕ್ಕೆ ಕೂತು ಕುಂಚ ತೆಗೆದಳು. ಕೂರಲು ಬೇರೆ ಕುರ್ಚಿಯೇ ಇರಲಿಲ್ಲ.

ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದೆಲ್ಲ ಈ ಮೌನ ತುಂಬಿಕೊಂಡಿರುತ್ತಿತ್ತು. ಈಗ ಖಾಲಿ ಮನೆಯಲ್ಲಿ ಕೂತಂತಿತ್ತು.

ಕೊನೆಗೆ ಅವನೇ ಕೇಳಿದ. “ಅವತ್ತು ಯಾಕೆ ಹಂಗ್ಮಾಡ್ದೆ?”

“ನಾನಾ? ನಾನೇನು ಮಾಡ್ದೆ?”

“ಏನೂ ಮಾಡ್ಲಿಲ್ಲ. ಅದಕ್ಕೇ ಕೇಳ್ತಾ ಇರೋದು. ‘ಚೆನ್ನಾಗಿದೆ’ ಅಂತೆ! ಅಂಗಡೀಲಿ ಬಟ್ಟೆ ನೋಡಿದಂಗೆ!”

“ಚೆನ್ನಾಗೇ ಇತ್ತಲ್ಲ!” ಅವಳ ದನಿ ಏರಿತು. “ಕಣ್ಣಂತೂ ಬಹಳ ಚೆನ್ನಾಗಿ ಬರೆದಿದ್ರು. ಯಾರ ಕೈ ಅಂತ ನಾನು ಕೇಳಲ್ಲ. ಇವತ್ತಿನವರೆಗೂ ಕೇಳಿಲ್ಲ, ಇನ್ನೂ ಕೇಳಲ್ಲ!”

ರವಿಚಂದ್ರನ ಕೈಯಲ್ಲಿದ್ದ ನೊಗ ಕೆಳಗೆ ಬಿತ್ತು.

“ಕಣ್ಣಾ? ಯಾವ ಕಣ್ಣು? ನಾನು ಕಣ್ಣಿಲ್ಲದೆ ಕಳಿಸಿದ್ದು, ವನಜಾ! ನೀನು ಬರೀಲಿ ಅಂತ...”

“ಸುಳ್ಳು ಬೇಡ ರವಿ. ನನ್ನ ಹತ್ರ ಇನ್ನೂ ಇದೆ ಆ ಗೊಂಬೆ.”

“ಇದೆಯಾ?” ಅವನು ನೊಗ ಎತ್ತಿಕೊಂಡ. “ಹಂಗಾದ್ರೆ ಅದನ್ನ ಹಿಂದಕ್ಕೆ ತಿರುಗಿಸಿ ನೋಡಿದ್ಯಾ?”

ಅವಳು ಕುಂಚವನ್ನು ನೀರಿಗೆ ಅದ್ದಿದಳು. ನೋಡಿರಲಿಲ್ಲ.

“ನೋಡಿಲ್ಲ,” ಎಂದ ಅವನೇ. “ಬಿಡು. ಈ ಆಲೆಮನೆ ಮುಗಿದ್ರೆ ನಾನೂ ಹೊರಟೆ. ಜೈಪುರದಲ್ಲಿ ಕೆಲಸ ಐತೆ. ಈ ಸಲ ವಾಪಸ್ ಬರೋದು ಇಲ್ಲ.”

*

ಹನಕೆರೆಯ ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ವನಜಾಳಿಗೆ ಊರು ಬಂದದ್ದೇ ಗೊತ್ತಾಗಲಿಲ್ಲ. ‘ಕಣ್ಣಿಲ್ಲದೆ ಕಳಿಸಿದ್ದು...’ ಹಾಗಾದರೆ ಆ ಕಣ್ಣು ಎಲ್ಲಿಂದ ಬಂತು? ಅವನು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಇವತ್ತು ಕೆಂಪಾಗಿರಲಿಲ್ಲ...

ಮನೆಗೆ ಬಂದವಳೇ ಕಪಾಟಿಗೆ ಕೈ ಹಾಕಿದಳು. ನಿದ್ದೆಯಲ್ಲಿದ್ದ ಹಾಲಿನವನು, ಕಬ್ಬಿನವಳು ಎಲ್ಲರನ್ನೂ ಸರಿಸಿದಳು.

“ಏನೇ ಅದು, ದೀಪ ಅಚ್ಚೋ ಒತ್ನಲ್ಲಿ ಊರ್ನೇ ಎಬ್ಬುಸ್ತಿದ್ದೀಯೆ?” ಒಳಗಿಂದ ಚಿಕ್ಕಮಾದಮ್ಮ ಕೂಗಿದಳು.

ವನಜಾ ಪೆಟ್ಟಿಗೆ ತೆರೆದಳು. ಮುಖ ನೋಡಲಿಲ್ಲ. ಗೊಂಬೆಯನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿದಳು.

ಬೆನ್ನ ಹಿಂದೆ ಬಚ್ಚಿಟ್ಟ ಆ ಎರಡು ಕೈಗಳಲ್ಲಿ ಒಂದು ಮೊಳ ಕನಕಾಂಬರ!

ಸಾಸಿವೆಗಿಂತ ಸಣ್ಣ ಹೂಗಳು. ಒಂದೊಂದನ್ನೂ ಬಿಡಿಯಾಗಿ ಮಾಡಿ, ದಾರದಂಥ ತಂತಿಗೆ ಪೋಣಿಸಿದ್ದ. ಬಣ್ಣ ಮಾತ್ರ ಅವನದೇ, ಒಡ್ಡೊಡ್ಡಾಗಿ. ಹೆಣ್ಣು ಕೇಳಲು ಬಂದವನ ಹಾಗೆ, ಹೂವನ್ನು ಬೆನ್ನಿಗೆ ಬಚ್ಚಿಟ್ಟುಕೊಂಡು, ಅವಳ ಕಪಾಟಿನ ಕತ್ತಲಲ್ಲಿ ಇಷ್ಟು ವರ್ಷ ಅವನು ನಿಂತೇ ಇದ್ದ...

ವನಜಾ ಸೆರಗು ಬಾಯಿಗೆ ಹಿಡಿದು ಅತ್ತಳು. ಅವ್ವನಿಗೆ ಕೇಳಿಸದಂತೆ ಅಳುವುದು ಅವಳಿಗೆ ರೂಢಿಯಾಗಿತ್ತು.

ಆದರೂ... ಆ ಕಣ್ಣು ಯಾರದು?

*

ಮಾರನೆಯ ಬೆಳಿಗ್ಗೆ ಅವಳು ಮದ್ದೂರು ತಲುಪಿದಾಗ ರವಿಚಂದ್ರ ಕೊಪ್ಪರಿಗೆಗೆ ಬೆಲ್ಲದ ಪಾಕದ ಬಣ್ಣದ ರೆಸಿನ್ ಅಂಟು ಹೊಯ್ಯುತ್ತಿದ್ದ. ಅವಳು ಏನೂ ಹೇಳದೆ ಗೊಂಬೆಯನ್ನು ಅವನ ಮುಂದಿಟ್ಟಳು.

ಅವನು ಭೂತಗನ್ನಡಿ ಎಳೆದುಕೊಂಡು ನೋಡಿದ. ಮುಖ ಬಿಳಚಿತು.

“ಇದು ನಾನು ಬರೆದದ್ದಲ್ಲ ವನಜಾ... ಅಲ್ಲಿ ಯಾರೂ ಬರೆದಿಲ್ಲ. ಪೆಟ್ಟಿಗೆಗೆ ಹಾಕುವಾಗ ನಾನೇ ಕೊನೇ ಸಲ ನೋಡಿದ್ದು. ಕಣ್ಣಿನ ಜಾಗ ಖಾಲಿ ಇತ್ತು.”

ಆಗ ಟೀ ಫ್ಲಾಸ್ಕು ಹಿಡಿದು ಹೊನ್ನಯ್ಯ ಒಳಗೆ ಬಂದರು. ಮೇಜಿನ ಮೇಲಿದ್ದ ಗೊಂಬೆಯನ್ನು ಕಂಡು ಅವರ ಮುಖ ಅರಳಿತು.

“ಅಯ್ಯೋ ಸಿವನೇ, ಇದಿನ್ನೂ ಅದಾ! ಮಡಗಿದ್ದೀಯಾ ಕಣವ್ವ? ನೋಡ್ಲಾ ರವಿ, ಇದ್ರ ಕಣ್ಣು ನೋಡ್ಲಾ! ನಾನೇ ಬರ್ದಿದ್ದು!”

ಇಬ್ಬರೂ ಅವರ ಕಡೆ ತಿರುಗಿದರು.

“ಪೊರೆ ಆಪ್ರೇಸನ್ ಆಗಿ ಪಟ್ಟಿ ಬಿಚ್ಚಿದ್ ವಾರ,” ಹೊನ್ನಯ್ಯ ಟೀ ಬಗ್ಗಿಸುತ್ತ ಹೇಳುತ್ತಲೇ ಹೋದರು. “ಲೋಕೆಲ್ಲಾ ತೊಳ್ದು ಮಡಗ್ದಂಗೆ ಕಾಣೋದು. ಆಗ ಪೆಟ್ಗೆ ಬಂತು. ದಾರೀಲಿ ಏನಾರ ಮುರ್ದದಾ ಅಂತ ತೆಗ್ದು ನೋಡ್ತೀನಿ, ಈ ಬಡ್ಡಿಮಗ ಕಣ್ಣೇ ಬರೀದೆ ಕಳ್ಸವ್ನೆ! ಮರ್ತವ್ನೆ ಅನ್ಕಂಡೆ. ನನ್ನ ಬಾಗ್ಲಿಂದ ಕಣ್ಣಿಲ್ದ ಗೊಂಬೆ ಯಾವತ್ತಾರ ಆಚೆ ಓಗದಾ? ಕುಂತ್ಕಂಡೆ, ಬರ್ದೆ. ಅದೆಷ್ಟೋ ವರ್ಸದ ಮ್ಯಾಲೆ ನಾನು ಬರ್ದ ಕಣ್ಣು ಕಣವ್ವ ಅದು. ಬರ್ದು ಮುಗ್ಸಿ ಅತ್ಬುಟ್ಟೆ.”

ವನಜಾ ಗೊಂಬೆಯ ಮುಖ ನೋಡಿದಳು. ಹೊನ್ನಯ್ಯನವರು ಕಣ್ಣು ಬರೆದದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಅವರಿಗೆ ಕಾಣದಾದ ಮೇಲಲ್ಲವೇ ಅವಳು ಇಲ್ಲಿ ಬಂದದ್ದು! ಆ ಕೈಯನ್ನು ಅವಳು ಗುರುತಿಸುವುದಾದರೂ ಹೇಗೆ?

“ಮತ್ತೆ... ಓರೆಗಣ್ಣು ಯಾಕೆ ಬರೆದ್ರಿ ಹೊನ್ನಯ್ಯೋರೆ? ನೆಟ್ಟಗೆ ನೋಡೋ ಹಂಗೆ ಬರೀಬೌದಿತ್ತಲ್ಲ...”

ಹೊನ್ನಯ್ಯ ಗಹಗಹಿಸಿ ನಕ್ಕರು.

“ಇವ್ನು ನಿನ್ನ ಎಂದಾರ ನೆಟ್ಟಗೆ ನೋಡವ್ನಾ? ಪುಟ್ಟಿ ಕಲಸೋನು, ಇಂಗೆ... ಇಂಗೆ ಎಡಗಡೀಕೆ ಓರೆಗಣ್ಣಾಕೋನು. ನೀನು ತಲೆ ಎತ್ತುದ್ರೆ ಸಾಕು, ಗೊಂಬೆ ನೋಡೋನು. ಆಗ ನಂಗೆ ಪೊರೆ ಮುಚ್ಕಂಡಿತ್ತು, ಬಣ್ಣ ಕಾಣ್ತಿರ್ಲಿಲ್ಲ, ಗೆರೆ ಕಾಣ್ತಿರ್ಲಿಲ್ಲ. ಅದೊಂದು ಮಾತ್ರ ಕಾಣೋದು ಕಣವ್ವ. ಅವ್ನ ಗೊಂಬೆ ಅಂದ್ಮ್ಯಾಲೆ ಅವ್ನ ಕಣ್ಣೇ ಇರ್ಬೇಕಲ್ವಾ?”

ರವಿಚಂದ್ರನ ಕಿವಿಗಳು ಕೆಂಪಾದವು.

ವನಜಾ ಗೊಂಬೆಯನ್ನು ಎತ್ತಿ ತನ್ನ ಬಲಗಡೆ, ಕಿಟಕಿಗೆ ಮುಖ ಮಾಡಿ, ಮೇಜಿನ ಮೇಲೆ ನಿಲ್ಲಿಸಿದಳು. ಅವನು ಕೂರುತ್ತಿದ್ದ ಜಾಗದಲ್ಲಿ, ಅವನು ಕೂರುತ್ತಿದ್ದ ಹಾಗೆ.

ಆ ಓರೆಗಣ್ಣು ಬಂದು ನೇರ ಅವಳ ಮೇಲೆ ನಿಂತಿತು!

ಇಷ್ಟು ವರ್ಷ ಅವಳು ಅದನ್ನು ಎದುರಿಗೆ ಹಿಡಿದು ನೋಡಿದ ನೋಟವನ್ನೇ ನೆನೆದಿದ್ದಳು. ಪಕ್ಕದಲ್ಲಿ ನಿಲ್ಲಿಸಿ ನೋಡಿರಲಿಲ್ಲ.

“ಯಾಕವ್ವ, ಸುಮ್ಕಾದೆ?” ಹೊನ್ನಯ್ಯನವರ ದನಿಯಲ್ಲಿ ಸ್ವಲ್ಪ ಅಳುಕು. “ನಾನು ಬರ್ದು ಕೆಡುಸ್ಬುಟ್ನಾ?”

ವನಜಾ ರವಿಚಂದ್ರನ ಕಡೆ ನೋಡಿದಳು. ಅವನು ಸಣ್ಣಗೆ ತಲೆ ಅಲ್ಲಾಡಿಸಿದ. ಹೇಳಬೇಡ.

“ಇಲ್ಲ ಹೊನ್ನಯ್ಯೋರೆ,” ಎಂದಳು. “ಇದಕ್ಕಿಂತ ಚೆನ್ನಾಗಿ ಬರ್ಯೋಕೆ ನಂಗೂ ಬರ್ತಿರ್ಲಿಲ್ಲ.”

ಹೊನ್ನಯ್ಯ ತೃಪ್ತಿಯಿಂದ ಟೀ ಹೀರಿದರು. “ಮತ್ತೆ? ಏನಂದ್ಕಂಡೆ ನನ್ನ! ಸರಿ, ಸಕ್ರೆ ಕಮ್ಮಿ ಆಗದೆ, ಬತ್ತೀನಿ ತಾಳಿ.”

ಅವರು ಆಚೆ ಹೋದರು.

“ಏಳು ವರ್ಷ...” ಎಂದಳು ವನಜಾ. “ಒಂದು ಸಲ ಹಿಂದಕ್ಕೆ ತಿರುಗಿಸಿದ್ರೆ ಆಗ್ತಿತ್ತು.”

“ಒಂದು ಸಲ ನಾನು ಬಾಯಿ ಬಿಟ್ಟು ಕೇಳಿದ್ರೂ ಆಗ್ತಿತ್ತು.”

“ಈಗ ಕೇಳು.”

ಅವನು ಬಾಯಿ ತೆರೆದ. ಮುಚ್ಚಿದ. ಕೈ ತಾನಾಗೇ ಪುಟ್ಟಿಯ ಡಬ್ಬಿಯ ಕಡೆ ಹೋಯಿತು.

ಅವಳು ಡಬ್ಬಿಯನ್ನು ದೂರ ಸರಿಸಿದಳು. “ಕೈ ಬೇಡ. ಬಾಯಲ್ಲಿ!”

“ನನ್ನ... ನನ್ನ ಮದ್ವೆ ಆಗ್ತೀಯಾ, ವನಜಾ?”

“ಜೈಪುರ?”

“ಹೋಗಲ್ಲ.”

“ಹಂಗಾದ್ರೆ ಭಾನುವಾರ ಬಂದು ನಮ್ಮವ್ವನ್ನ ಕೇಳು. ನಿಜವಾದ ಹೂವು ತಗೊಂಡು ಬಾ. ಕೈ ಹಿಂದೆ ಬಚ್ಚಿಡ್ಬೇಡ!”

*

ಭಾನುವಾರ ಅವನು ಅಕ್ಕನ ಜೊತೆ ಬಂದ. ಮುಂದೆ ಚಾಚಿದ ಎರಡೂ ಕೈಯಲ್ಲಿ ಕನಕಾಂಬರವಿತ್ತು. ಚಿಕ್ಕಮಾದಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಒಂದು ಮಾತು ಕೇಳೋಕೆ ಇಷ್ಟ್ ವರ್ಸ ಬೇಕಾಯ್ತೇನಪ್ಪ? ನಾಲ್ಗೇನೂ ಪುಟ್ಟೀಲೇ ಮಾಡ್ಕಂಡಿದ್ಯಾ?”

ಮಂಜುಶ್ರೀ ನಗು ತಡೆಯಲಾರದೆ ಸೆರಗು ಮುಖಕ್ಕೆ ಹಿಡಿದಳು. ಹೆಂಗಸರಿಬ್ಬರೂ ಒಳಗೆ ಮಾತಿಗೆ ಕೂತರು.

ಕಿಟಕಿಯ ಪಕ್ಕ ವನಜಾಳ ಮೇಜು. ಬಲಗಡೆ ಅದೇ ಪುಟ್ಟ ಗಂಡಸು, ಅವಳ ಕಡೆಗೇ ಓರೆಗಣ್ಣು ಹಾಕಿ ನಿಂತಿದ್ದ. ರವಿಚಂದ್ರ ಅದನ್ನು ನೋಡಿದ.

“ಅಳಿಸಿ ಹೊಸದಾಗಿ ಬರೀತೀಯಾ? ನಾನು ಮಾತು ಕೊಟ್ಟಿದ್ದೆ...”

“ಬೇಡ. ಹೊನ್ನಯ್ಯೋರು ಮದುವೆಗೆ ಬರ್ತಾರೆ, ಮೊದಲು ಕೇಳೋದೇ ಇದನ್ನ. ಅವರು ಬರೆದದ್ದು ಅವರದಾಗೇ ಇರ್ಲಿ.”

ಅವನು ಕಪಾಟಿನ ಕಡೆ ತಿರುಗಿದ. ಸಾಲು ಸಾಲಾಗಿ ಕಣ್ಣು ಮುಚ್ಚಿ ನಿಂತ ಜನ.

“ಇಷ್ಟು ದಿನ ಇವರೆಲ್ಲ ಹಿಂಗೇನಾ...?”

ವನಜಾ ಡ್ರಾಯರಿನಿಂದ ಒಂದು ಬಿರಡೆ ತೆಗೆದು ಅವನ ಮುಂದಿಟ್ಟಳು. ಅದರ ಮೇಲೆ ಆ ವಾರವಷ್ಟೇ ಅವಳು ಮಾಡಿದ ಗೊಂಬೆ. ಮೇಜಿನ ಮುಂದೆ ಕುಂಚ ಹಿಡಿದು ಕೂತ ಒಬ್ಬ ಹೆಂಗಸು. ರೆಪ್ಪೆ ತೆರೆದಿತ್ತು. ಕಣ್ಣಿನ ಜಾಗ ಖಾಲಿ.

“ನೀನು ಬರಿ.”

“ನಾನಾ! ನಂಗೆ ಬಣ್ಣ ಬರಲ್ಲ, ಗೊತ್ತಲ್ಲ. ಕೆಟ್ಟೋಗ್ತದೆ.”

“ಕೆಡ್ಲಿ.”

“ಮೆಳ್ಳಗಣ್ಣಾದ್ರೆ?”

“ಆಗ್ಲಿ ರವಿ. ತೆರೆದಿದ್ರೆ ಸಾಕು.”

ಅವನು ಕುಂಚ ತೆಗೆದುಕೊಂಡ. ಅವಳು ಪಕ್ಕದಲ್ಲಿ ನಿಂತು ಉಸಿರು ಹಿಡಿದಳು.

ರವಿಚಂದ್ರ ಅಂದು ಕೊಟ್ಟ ಮಾತು ಹೊನ್ನಯ್ಯನವರು ಕಣ್ಣು ಬರೆದ ಆ ಒಂದು ಗೊಂಬೆಯ ಮಟ್ಟಿಗೆ ಮುರಿದೇ ಉಳಿಯಿತು. ಅದನ್ನು ಯಾರೂ ಸರಿಪಡಿಸಲಿಲ್ಲ.